ಗೋಡೆ ದಪ್ಪಕ್ಕೆ ಯಾವ ಅಲ್ಟ್ರಾಸಾನಿಕ್ ಪ್ರೋಬ್: ಡ್ಯುಯಲ್, ಎಕೋ-ಟು-ಎಕೋ, ಡಿಲೇ ಲೈನ್

ಪೈಪು, ಟ್ಯಾಂಕು, ಬಾಯ್ಲರ್ ಟ್ಯೂಬುಗಳ ದಪ್ಪವನ್ನು ಹೊರಗಿನಿಂದಲೇ ತಿಳಿಯಬೇಕಾದಾಗ ಅಲ್ಟ್ರಾಸಾನಿಕ್ ಗೇಜ್ ಬೇಕೇ ಬೇಕು. ಶಬ್ದ ಹೋಗಿ ಬಂದ ಸಮಯಕ್ಕೆ ಆ ಲೋಹದಲ್ಲಿನ ವೇಗ ಗುಣಿಸಿ, ಎರಡರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಲೆಕ್ಕ ಇಷ್ಟೇ ಆದರೂ ಒಂದೇ ಜಾಗದಲ್ಲಿ ಮೂರು ಬಗೆಯ ಪ್ರೋಬ್ (ಗೋಡೆಗೆ ತಾಗಿಸಿ ಶಬ್ದ ಕಳಿಸುವ, ಕೇಳುವ ಭಾಗ) ಇಟ್ಟು ನೋಡಿದರೆ ಮೂರು ಅಂಕಿ ಬರುವುದುಂಟು. ಯಾವುದನ್ನು ನಂಬಬೇಕು ಎಂಬುದನ್ನು ಗೇಜಿನ ಬೆಲೆಯಲ್ಲ, ಗೋಡೆಯ ಎರಡೂ ಮುಖಗಳ ಸ್ಥಿತಿ ನಿರ್ಧರಿಸುತ್ತದೆ.

ತುಕ್ಕು ಹಿಡಿದ ಗೋಡೆಗೆ 5 ಮೆಗಾಹರ್ಟ್ಜ್ ಡ್ಯುಯಲ್ ಪ್ರೋಬಿಗೆ ಸಾಟಿಯಿಲ್ಲ. ಇದರಲ್ಲಿ ಶಬ್ದ ಕಳಿಸುವ ಕ್ರಿಸ್ಟಲ್ ಒಂದು, ಕೇಳುವುದು ಇನ್ನೊಂದು, ನಡುವೆ ಕಾರ್ಕಿನಂಥ ತಡೆ. ಎರಡೂ ಒಳಮುಖವಾಗಿ ಓರೆಯಾಗಿರುವುದರಿಂದ ಶಬ್ದ ‘ವಿ’ ಆಕಾರದಲ್ಲಿ ಓಡಾಡುತ್ತದೆ. ಹಾಗಾಗಿ ಒಳಗೋಡೆಯ ಗುಳಿಯ ತುದಿಯಿಂದ ಬರುವ ಕ್ಷೀಣ ಎಕೋ (ಪ್ರತಿಧ್ವನಿ) ಕೂಡ ಕೈಗೆ ಸಿಗುತ್ತದೆ. ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆ ಬಾಯ್ಲರಿನಲ್ಲಿ ಬೂದಿ, ಮರಳು ಉಜ್ಜಿ ಟ್ಯೂಬ್ ಸವೆಯುತ್ತದೆ. ಹಂಗಾಮು ಮುಗಿದ ಮೇಲಿನ ತಪಾಸಣೆಯಲ್ಲಿ 4.06 ಮಿ.ಮೀ. ಟ್ಯೂಬ್ ಎಷ್ಟು ಉಳಿದಿದೆ ಎಂದು ನೋಡಲು ಇದೇ ಸರಿ. ಸಣ್ಣ ವ್ಯಾಸದ ಟ್ಯೂಬಿನ ಮೇಲೆ ನಡುವಿನ ತಡೆ ಟ್ಯೂಬಿನ ಉದ್ದಕ್ಕೆ ಅಡ್ಡವಾಗಿ ಬರುವಂತೆ ಪ್ರೋಬ್ ಹಿಡಿಯಿರಿ. ಅಗಲ ಪೈಪಿನಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ, ಕಡಿಮೆ ಬಂದ ಓದನ್ನು ಬರೆದುಕೊಳ್ಳಿ.

ಡ್ಯುಯಲ್ ಪ್ರೋಬ್ ಮೋಸ ಮಾಡುವ ಜಾಗಗಳೂ ಇವೆ. ಗೋಡೆ ಅದರ ಕನಿಷ್ಠ ಮಿತಿಗಿಂತ (ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು) ತೆಳುವಾದರೆ ಗೇಜ್ ಎರಡನೇ ಎಕೋ ಹಿಡಿದು ದುಪ್ಪಟ್ಟು ತೋರಿಸುತ್ತದೆ. 0.9 ಉಳಿದಿರುವ ಕಡೆ 1.8 ಎಂದು ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಹೊರಮೈಯಲ್ಲೇ ಗುಳಿಯಿದ್ದರೆ ಇನ್ನೂ ಕಷ್ಟ. ಪ್ರೋಬ್ ಮತ್ತು ಲೋಹದ ನಡುವೆ ಗಾಳಿ ಉಳಿಯದಂತೆ ಗ್ಲಿಸರಿನ್ ಅಥವಾ ಜೆಲ್ ಹಚ್ಚುತ್ತಾರೆ. ಗ್ಲಿಸರಿನ್‌ನಲ್ಲಿ ಶಬ್ದದ ವೇಗ ಸುಮಾರು 1,920 ಮೀ/ಸೆ, ಉಕ್ಕಿನಲ್ಲಿ 5,920. ಗುಳಿಯಲ್ಲಿ ನಿಂತ 0.5 ಮಿ.ಮೀ. ಗ್ಲಿಸರಿನ್ ಗೇಜಿನ ಕಣ್ಣಿಗೆ 1.5 ಮಿ.ಮೀ. ಉಕ್ಕು! ಗೋಡೆ ಅರ್ಧ ಮಿ.ಮೀ. ಕಳೆದುಕೊಂಡ ಜಾಗದಲ್ಲಿ ಓದು ಒಂದು ಮಿ.ಮೀ. ಹೆಚ್ಚು ಬರುತ್ತದೆ. ಅಂಥ ಕಡೆ ಮೊದಲು ಪಿಟ್ ಗೇಜ್ (ಗುಳಿಯ ಆಳ ಅಳೆಯುವ ಸಾಧನ) ಇಟ್ಟು ಗುಳಿಯ ಆಳ ಅಳೆಯಿರಿ, ಪಕ್ಕದ ಒಳ್ಳೆಯ ಮೈಯಲ್ಲಿ ಬಂದ ದಪ್ಪದಿಂದ ಅದನ್ನು ಕಳೆಯಿರಿ.

ಪೇಂಟ್ ಇದ್ದಾಗ ಪರಿಸ್ಥಿತಿಯೇ ಬೇರೆ. ಪೇಂಟಿನಲ್ಲಿ ವೇಗ ಉಕ್ಕಿನದರ ಅರ್ಧಕ್ಕಿಂತ ಕಡಿಮೆ, 2,400 ಎಂದಿಟ್ಟುಕೊಂಡರೆ 0.3 ಮಿ.ಮೀ. ಪೇಂಟ್ ಓದಿಗೆ 0.74 ಸೇರಿಸುತ್ತದೆ. ಎಂಟರಿಂದ 5.4ಕ್ಕೆ ಇಳಿದ ಗೋಡೆ 6.1 ಎಂದು ಕಾಣಿಸುತ್ತದೆ. ಎಕೋ-ಟು-ಎಕೋ ಮೋಡ್ ಒಳಗೋಡೆಯಿಂದ ಸಾಲಾಗಿ ಬಂದ ಎರಡು ಎಕೋಗಳ ನಡುವಿನ ಸಮಯವನ್ನಷ್ಟೇ ತೆಗೆದುಕೊಳ್ಳುತ್ತದೆ. ಪೇಂಟ್ ದಾಟಿದ ಸಮಯ ಎರಡರಲ್ಲೂ ಸಮ, ಆದ್ದರಿಂದ ವಜಾ. ಪೇಂಟ್ ಕೆರೆಯುವ, ಮತ್ತೆ ಬಳಿಯುವ ಕೆಲಸ ಉಳಿಯಿತು. ಪೇಂಟ್ ಮಾತ್ರ ಲೋಹಕ್ಕೆ ಬಿಗಿಯಾಗಿ ಅಂಟಿರಬೇಕು. ಗುಳ್ಳೆಯೆದ್ದಿದ್ದರೆ ಶಬ್ದ ಒಳಗೇ ಇಳಿಯುವುದಿಲ್ಲ. ಒಳಮೈ ಗುಳಿಗುಳಿಯಾಗಿದ್ದರೆ ಎರಡನೇ ಎಕೋ ಚದುರಿ ಓದೇ ಬರುವುದಿಲ್ಲ, ಬಂದರೂ ಕುಣಿಯುತ್ತದೆ. ಆ ಜಾಗವನ್ನು ‘ಓದು ಸಿಗಲಿಲ್ಲ’ ಎಂದು ಬರೆದು ಮುಂದೆ ಹೋಗುವುದು ಅಪಾಯ, ಸವೆತ ಹೆಚ್ಚಿರುವುದು ಬಹುಶಃ ಅಲ್ಲೇ. ಅಷ್ಟಗಲ ಪೇಂಟ್ ತೆಗೆದು ಡ್ಯುಯಲ್ ಪ್ರೋಬ್ ಇಡಿ.

ಒಂದೇ ಗೇಜ್ ಕೊಳ್ಳುವುದಾದರೆ ಈ ಎರಡೂ ಮೋಡ್ ಇರುವ, ಎ-ಸ್ಕ್ಯಾನ್ ಅಲೆ (ಬಂದ ಎಕೋಗಳ ಚಿತ್ರ) ತೋರಿಸುವ ಗೇಜನ್ನೇ ಕೊಳ್ಳಿ. ದುಪ್ಪಟ್ಟು ಓದು, ತಪ್ಪಿದ ಎಕೋ, ಪ್ಲೇಟಿನ ನಡುವಿನ ಪದರಬಿರುಕು ಇವೆಲ್ಲ ಅಲೆಯಲ್ಲಿ ಕಾಣುತ್ತವೆ, ಬರಿ ಅಂಕಿಯಲ್ಲಿ ಕಾಣುವುದಿಲ್ಲ.

ಕ್ಯಾಲಿಬ್ರೇಷನ್ (ಗೇಜ್ ಹೊಂದಿಸುವುದು) ಸ್ಟೆಪ್ ಬ್ಲಾಕಿನ, ಅಂದರೆ ಗೊತ್ತಿರುವ ದಪ್ಪದ ಮೆಟ್ಟಿಲುಗಳಿರುವ ಲೋಹದ ತುಂಡಿನ, ಎರಡು ಮೆಟ್ಟಿಲ ಮೇಲೆ ಆಗಬೇಕು: ದಪ್ಪ ಮೆಟ್ಟಿಲಿನಲ್ಲಿ ವೇಗ, ತೆಳು ಮೆಟ್ಟಿಲಿನಲ್ಲಿ ಜ಼ೀರೋ. ಬ್ಲಾಕ್ ಅದೇ ಲೋಹದ್ದಿರಲಿ. ಉಕ್ಕಿಗೆ ಹೊಂದಿಸಿದ ಗೇಜ್ 10 ಮಿ.ಮೀ. ಅಲ್ಯೂಮಿನಿಯಂ ಅನ್ನು (6,320 ಮೀ/ಸೆ) 9.37 ಎನ್ನುತ್ತದೆ. ಬಿಸಿ ಪೈಪಿನ ಮೇಲೆ ತಪ್ಪು ತಿರುಗುಮುರುಗು. ಉಕ್ಕಿನಲ್ಲಿ ಪ್ರತಿ 55 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ವೇಗ ಸುಮಾರು ಶೇ. 1 ಇಳಿಯುತ್ತದೆ, ಓದು ಅಷ್ಟೇ ಹೆಚ್ಚುತ್ತದೆ. ಮಾಮೂಲಿ ಪ್ರೋಬ್ ಮತ್ತು ಜೆಲ್ ಬಿಸಿ ಮೈಗೆ ಆಗುವುದೂ ಇಲ್ಲ.

ಡಿಲೇ ಲೈನ್ ಪ್ರೋಬ್ ತಪಾಸಣೆಗಿಂತ ಕ್ವಾಲಿಟಿ ಕಂಟ್ರೋಲ್ ಮೇಜಿಗೆ ಸೇರಿದ್ದು. 20 ಮೆಗಾಹರ್ಟ್ಜ್ ಪ್ರೋಬಿನ ಮುಂದೆ ಪ್ಲಾಸ್ಟಿಕ್ ತುಂಡು (ಇದೇ ಡಿಲೇ) ಇರುವುದರಿಂದ ಆರಂಭದ ಸದ್ದು ಅಡಗಿದ ಮೇಲೆ ಎಕೋ ಬರುತ್ತದೆ, 0.3 ಮಿ.ಮೀ. ಹಾಳೆಯನ್ನೂ ಅಳೆಯಬಹುದು. ನಯವಾದ, ಸಮಾಂತರ ಮುಖಗಳಿದ್ದರೆ ಮೈಕ್ರಾನ್ ಲೆಕ್ಕದ ನಿಖರತೆ, ತುಕ್ಕಿನ ಮೈಯಲ್ಲಿ ನಿರುಪಯೋಗಿ. ಗೋಡೆ ತೀರ ದಪ್ಪವಾದರೆ ಪ್ಲಾಸ್ಟಿಕ್ಕಿನ ಎರಡನೇ ಎಕೋ ನಡುವೆ ನುಗ್ಗಿ ಕೆಡಿಸುತ್ತದೆ. ತುದಿ ಸವೆದು ಗೀರುಬಿದ್ದ ಡಿಲೇ ಬದಲಿಸಿ.

ಇದೇ ಲೆಕ್ಕವನ್ನು ಹಿಂದುಮುಂದು ಮಾಡಿದರೆ ಫೌಂಡ್ರಿಗೂ ಉಪಯೋಗ. ಬೆಳಗಾವಿಯಂಥ ಕಡೆ ಡಕ್ಟೈಲ್ ಎರಕ (ಒಳಗಿನ ಗ್ರಾಫೈಟ್ ಉಂಡೆಯಾಗಿರಬೇಕಾದ ಎರಕದ ಕಬ್ಬಿಣ) ತೆಗೆಯುವವರು ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಗೇಜಿನಿಂದ ವೇಗ ತೆಗೆಯಬಹುದು. ಗ್ರಾಫೈಟ್ ಉಂಡೆಯಾಗಿ ಕೂತಿದ್ದರೆ ವೇಗ ಸಾಮಾನ್ಯವಾಗಿ 5,500 ಮೀ/ಸೆ ದಾಟುತ್ತದೆ, ಎಳೆಎಳೆಯಾಗಿದ್ದರೆ ಬಹಳ ಕೆಳಗಿರುತ್ತದೆ. ಇದಕ್ಕೆ 5 ಮೆಗಾಹರ್ಟ್ಜ್ ಅಥವಾ ಇನ್ನೂ ಕಡಿಮೆ ಆವರ್ತನ ಬೇಕು, ದಪ್ಪ ಕಣಗಳಲ್ಲಿ 20 ಮೆಗಾಹರ್ಟ್ಜ್ ಶಬ್ದ ಚದುರಿಹೋಗುತ್ತದೆ. 10 ಮಿ.ಮೀ. ಅಳತೆಯಲ್ಲಿ 0.1 ತಪ್ಪಿದರೂ ವೇಗ 55 ಮೀಟರ್ ಆಚೀಚೆ ಆಗುತ್ತದೆ. ಆದ್ದರಿಂದ ಎರಡೂ ಮುಖ ಮೆಷಿನ್ ಆದ ಜಾಗದಲ್ಲೇ ಅಳೆಯಿರಿ.