ಸಿಮೋಯ್, ಓ2, ಬಿಡಿ139: ಮನೆಯಲ್ಲೇ ಕಟ್ಟುವ ಹೆಡ್‌ಫೋನ್ ಆಂಪ್‌ಗಳಲ್ಲಿ ಯಾವುದು ಯಾರಿಗೆ?

ಹೆಡ್‌ಫೋನ್ ಆಂಪ್, ಅಂದರೆ ಆಂಪ್ಲಿಫೈಯರ್, ಕಟ್ಟಬೇಕೆಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿಯಾದ ಎಸ್‌ಪಿ ರೋಡಿಗೆ ಹೊರಟವರು ಮೊದಲು ವಿಚಾರಿಸುವುದು ಐಸಿಯ ಹೆಸರನ್ನು. ಮೂರು ಬಗೆಯ ಆಂಪ್‌ಗಳನ್ನು ಕಟ್ಟಿ ಅಕ್ಕಪಕ್ಕ ಇಟ್ಟು ಅಳೆದರೆ ಐಸಿಯ ಸರದಿ ಎರಡನೆಯದು ಎಂಬುದು ಗೊತ್ತಾಗುತ್ತದೆ. ಹೆಡ್‌ಫೋನಿನಿಂದ ವಾಪಸು ಬರುವ ಕರೆಂಟು ಯಾವ ಗ್ರೌಂಡಿಗೆ ಹೋಗಿ ಸೇರುತ್ತದೆ, ಆ ಗ್ರೌಂಡು ಎಷ್ಟು ಗಟ್ಟಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇಲ್ಲಿ ಹೋಲಿಸುತ್ತಿರುವವು: ಒಂದೇ 9 ವೋಲ್ಟ್ ಬ್ಯಾಟರಿಯ ಸಿಮೋಯ್, 2011ರಲ್ಲಿ ಪ್ರಕಟವಾದ ಓ2, ಅಂದರೆ ಆಬ್ಜೆಕ್ಟಿವ್2, ಮತ್ತು 5532 ಐಸಿಯ ಹಿಂದೆ ಬಿಡಿ139, ಬಿಡಿ140 ಟ್ರಾನ್ಸಿಸ್ಟರ್ ಜೋಡಿ ಹಾಕಿ ಡಾಟ್ ಬೋರ್ಡಿನ (ಸಾಲು ತೂತುಗಳಿರುವ ಬೋರ್ಡಿನ) ಮೇಲೆ ಕಟ್ಟುವ ಸರ್ಕ್ಯೂಟ್.

ಸಿಮೋಯ್ ಒಂದು ಸಂಜೆಯ ಕೆಲಸ. ಒಂದು ಒಪಿಎ2134 ಐಸಿ, ಪ್ರತಿ ಚಾನೆಲ್ಲಿಗೆ ಇನ್‌ಪುಟ್ಟಿನಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 100ಕೆ (ಕಿಲೋಓಮ್) ರೆಸಿಸ್ಟರ್, ಔಟ್‌ಪುಟ್ಟಿನ ಪಾಲನ್ನು ಇನ್‌ಪುಟ್ಟಿಗೆ ಹಿಂತಿರುಗಿಸುವ ಫೀಡ್‌ಬ್ಯಾಕಿಗೆ 10ಕೆ ಮತ್ತು 1ಕೆ. ಬ್ಯಾಟರಿಯನ್ನು ಎರಡು ಪಾಲು ಮಾಡಲು ಎರಡು 4.7ಕೆ ರೆಸಿಸ್ಟರ್, ಎರಡು 220 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದರ ಬಲಹೀನ ಜಾಗ ಈ ಎರಡು 4.7ಕೆಗಳೇ. ಅವುಗಳ ನಡುವಿನ ಬಿಂದುವನ್ನೇ ನಾವು ಗ್ರೌಂಡ್ ಎಂದು ಕರೆಯುತ್ತೇವೆ, ಆದರೆ ಡಿಸಿ ಕರೆಂಟಿಗೆ ಅಲ್ಲಿ 2.35ಕೆ ಅಡ್ಡ ನಿಂತಿರುತ್ತದೆ.

ಅಂಗಡಿಯಲ್ಲಿ ಒಪಿಎ2134 ಸಿಗಲಿಲ್ಲವೆಂದು 5532 ತಂದು ಅದೇ ಸಾಕೆಟ್ಟಿಗೆ ಚುಚ್ಚಿದರೆ ಏನಾಗುತ್ತದೆ ನೋಡಿ. 5532ರ ಇನ್‌ಪುಟ್ ಬಯಾಸ್ ಕರೆಂಟು, ಅಂದರೆ ಕೆಲಸ ಮಾಡಲು ಅದರ ಇನ್‌ಪುಟ್ ಕಾಲು ಎಳೆಯುವ ಕರೆಂಟು, ಸುಮಾರು 200 ನ್ಯಾನೋಆಂಪ್. ಅದು 100ಕೆ ಮೂಲಕ ಹರಿದರೆ 20 ಮಿಲಿವೋಲ್ಟ್. ಗೇನ್, ಅಂದರೆ ಆಂಪ್ ಹಿಗ್ಗಿಸುವ ಪಟ್ಟು, 11 ಇರುವುದರಿಂದ ಔಟ್‌ಪುಟ್ಟಿನಲ್ಲಿ 220 ಮಿಲಿವೋಲ್ಟ್ ಡಿಸಿ. 32 ಓಮ್ ಹೆಡ್‌ಫೋನ್ ಸಿಕ್ಕಿಸಿದ ಕೂಡಲೇ 7 ಮಿಲಿಆಂಪ್ ಹರಿಯಲು ನೋಡುತ್ತದೆ. ಆ ನಕಲಿ ಗ್ರೌಂಡಿಗೆ ಅಷ್ಟನ್ನು ತಾಳುವ ಶಕ್ತಿಯಿಲ್ಲ, ಅದು 4.5 ವೋಲ್ಟಿನಿಂದ ಜಾರಿಕೊಂಡು ಒಂದು ತುದಿಗೆ ಹೋಗಿ ಒರಗುತ್ತದೆ. ಅಲೆಯ ಅರ್ಧ ಭಾಗ ಕತ್ತರಿಸಿಹೋಗಿ ಹಾಡು ಕರ್ಕಶವಾಗುತ್ತದೆ. ಆಗ ‘5532 ಕೆಟ್ಟ ಐಸಿ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಐಸಿಯಲ್ಲಿ ಏನೂ ದೋಷವಿಲ್ಲ. 100ಕೆ ಬದಲು 10ಕೆ, 0.1ರ ಬದಲು 2.2 ಮೈಕ್ರೋಫ್ಯಾರಡ್, 10ಕೆ ಫೀಡ್‌ಬ್ಯಾಕಿನ ಬದಲು 2.2ಕೆ ಹಾಕಿ. 1ಕೆಗೆ ಸರಣಿಯಲ್ಲಿ 22 ಮೈಕ್ರೋಫ್ಯಾರಡ್ ಸೇರಿಸಿದರೆ ಡಿಸಿಗೆ ಗೇನ್ ಒಂದಕ್ಕೇ ನಿಲ್ಲುತ್ತದೆ, ಆಫ್‌ಸೆಟ್ (ಔಟ್‌ಪುಟ್ಟಿನಲ್ಲಿ ಉಳಿಯುವ ಬೇಡದ ಡಿಸಿ) 2 ಮಿಲಿವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ.

ಇದೇ ಲೆಕ್ಕದಿಂದ ನಕಲಿ ಐಸಿಯನ್ನೂ ಹಿಡಿಯಬಹುದು. ಹೆಡ್‌ಫೋನ್ ಸಿಕ್ಕಿಸದೆ, 100ಕೆ ಮತ್ತು ಗೇನ್ 11 ಇರುವ ಬೋರ್ಡಿನಲ್ಲಿ ಔಟ್‌ಪುಟ್ಟಿಗೂ ನಡುಬಿಂದುವಿಗೂ ಮಧ್ಯೆ ಡಿಸಿ ಅಳೆಯಿರಿ. ಅಸಲಿ ಒಪಿಎ2134ರ ಒಳಗಿರುವುದು ಬಯಾಸ್ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ ಎಳೆಯುವ ಫೆಟ್ ಇನ್‌ಪುಟ್, ಅದರ ಆಫ್‌ಸೆಟ್ ಹೆಚ್ಚೆಂದರೆ 2 ಮಿಲಿವೋಲ್ಟ್. ಔಟ್‌ಪುಟ್ಟಿನಲ್ಲಿ 22 ದಾಟಬಾರದು. ಮೀಟರು 200ರ ಹತ್ತಿರ ತೋರಿಸಿದರೆ 5532ರಂಥ ಯಾವುದೋ ಬೈಪೋಲಾರ್ ಐಸಿಯ ಹೆಸರು ಉಜ್ಜಿ ಮೇಲೆ ಹೊಸದು ಅಚ್ಚು ಹಾಕಿದ್ದಾರೆ ಎಂದೇ ತಿಳಿಯಿರಿ.

ಸಿಮೋಯ್‌ಗೆ ಇನ್ನೊಂದು ಗಂಡಾಂತರವಿದೆ. ಬ್ಯಾಟರಿ ತೆಗೆದು, ಹಾಡು ಬರುವ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟು ಕೊಡಬೇಡಿ. ಲ್ಯಾಪ್‌ಟಾಪಿನ ಆಡಿಯೋ ಗ್ರೌಂಡ್ ನಿಮ್ಮ ನಡುಬಿಂದುವಿಗೆ ಬರುತ್ತದೆ, ಯುಎಸ್‌ಬಿ ಗ್ರೌಂಡ್ ಮೈನಸ್ಸಿಗೆ ಬರುತ್ತದೆ. ಎರಡೂ ಒಳಗೆ ಒಂದೇ ತಂತಿ. ಕೆಳಗಿನ ಅರ್ಧ ಅಲ್ಲಿಗೇ ಶಾರ್ಟ್.

ಓ2 ಈ ತಲೆನೋವನ್ನೆಲ್ಲ ಬುಡದಲ್ಲೇ ಕಳೆದಿದೆ. ಎರಡು 9 ವೋಲ್ಟ್ ರೀಚಾರ್ಜ್ ಬ್ಯಾಟರಿ ಇಲ್ಲವೇ 7812, 7912 ರೆಗ್ಯುಲೇಟರ್. ಗ್ರೌಂಡು ನಿಜವಾದ ಗ್ರೌಂಡು. ಮೊದಲ ಹಂತಕ್ಕೆ ಎನ್‌ಜೆಎಂ2068, ಅದರ ನಂತರ 10ಕೆ ವಾಲ್ಯೂಮ್, ಕೊನೆಗೆ ಚಾನೆಲ್ಲಿಗೊಂದರಂತೆ ಎನ್‌ಜೆಎಂ4556ಎ. ಆ ಐಸಿಯ ಎರಡೂ ಅರ್ಧಗಳನ್ನು 1 ಓಮ್ ರೆಸಿಸ್ಟರುಗಳ ಮೂಲಕ ಜೋಡಿಸಿದ್ದಾರೆ, ಹಾಗಾಗಿ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪಿನ ಒಳಗಿನ ಅಡ್ಡಿ, ಅರ್ಧ ಓಮಿನ ಆಸುಪಾಸು. ವಾಲ್ಯೂಮ್ ಗೇನ್ ಹಂತದ ಆಚೆಗಿರುವುದರಿಂದ ಸದ್ದು ತಗ್ಗಿಸಿದಾಗ ಆ ಹಂತದ ಸುಂಯ್ ಕೂಡ ತಗ್ಗುತ್ತದೆ. ಸಣ್ಣ ಇಯರ್‌ಫೋನ್ ಹಾಕುವವರಿಗೆ ಇದು ದೊಡ್ಡ ಉಪಕಾರ. ಅದೇ ಕಾರಣಕ್ಕೆ ಒಂದು ಮಿತಿಯೂ ಇದೆ. 2 ವೋಲ್ಟ್ ಕೊಡುವ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ) ಸಿಕ್ಕಿಸಿ 6.5 ಗೇನ್ ಒತ್ತಿದರೆ ಮೊದಲ ಹಂತದಲ್ಲಿ 18 ವೋಲ್ಟ್ ಪೀಕ್ ಬೇಕಾಗುತ್ತದೆ, ಇರುವುದು 12. ವಾಲ್ಯೂಮ್ ಎಷ್ಟು ತಗ್ಗಿಸಿದರೂ ಒಡಕು ದನಿ ಹೋಗದು. 2.5 ಗೇನಿನಲ್ಲೇ ಇರಿ.

ಬೆಂಗಳೂರಿನಲ್ಲಿ ಓ2 ಕಟ್ಟುವವರು ಎಡವುವುದು ಅಡಾಪ್ಟರಿನಲ್ಲಿ. ಅದಕ್ಕೆ ಬೇಕಾದ್ದು ಎಸಿ. ‘12 ವೋಲ್ಟ್ ಅಡಾಪ್ಟರ್ ಕೊಡಿ’ ಎಂದರೆ ಕೈಗೆ ಬರುವುದು ಡಿಸಿ. ಅದನ್ನು ಹಾಕಿದರೆ ಒಂದೇ ಬದಿಗೆ ಕರೆಂಟು ಸಿಗುತ್ತದೆ. 12-0-12, 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್ ತಂದು ನಡುವಿನ ತಂತಿ ಮತ್ತು ಒಂದು ತುದಿಯನ್ನು ಮಾತ್ರ ಬಳಸಿ. ಎರಡು ತುದಿ ಹಿಡಿದರೆ 24 ವೋಲ್ಟ್; ಡಯೋಡಿನ ಆಚೆಗೆ 33ಕ್ಕೂ ಮೇಲೆ ಹೋಗುತ್ತದೆ, 7812ರ ಮಿತಿಯೇ 35. ಅಡಾಪ್ಟರ್ ಸಿಕ್ಕಿಸಿದಾಗ ಓ2 ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತದೆ, ಆದ್ದರಿಂದ ಮಾಮೂಲಿ 9 ವೋಲ್ಟ್ ಸೆಲ್ಲುಗಳನ್ನು ಒಳಗೆ ಬಿಡಲೇಬಾರದು.

ಕೈಯಾರೆ ಕಟ್ಟುವ ಸುಖ ಬೇಕಿದ್ದರೆ ಬಿಡಿ139 ದಾರಿ. ಅದೇ 12-0-12, ಒಂದು ಬ್ರಿಡ್ಜ್, ಬದಿಗೊಂದು 2200 ಮೈಕ್ರೋಫ್ಯಾರಡ್, 7812, 7912. ಕೆಪಾಸಿಟರ್ 35 ವೋಲ್ಟಿನದ್ದೇ ಇರಲಿ, ಲೋಡ್ ಕಡಿಮೆಯಿದ್ದಾಗ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಬರೆದದ್ದಕ್ಕಿಂತ ಹೆಚ್ಚು ಕೊಡುತ್ತವೆ. ಪ್ರೈಮರಿಗೆ 250 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್, ಲೋಹದ ಡಬ್ಬಿಗೆ ಅರ್ಥಿಂಗ್ ತಪ್ಪಿಸಬೇಡಿ. 7812ರ ಕಾಲುಗಳು ಇನ್, ಗ್ರೌಂಡ್, ಔಟ್. 7912ರದ್ದು ಗ್ರೌಂಡ್, ಇನ್, ಔಟ್. 7912ರ ಬೆನ್ನಿನ ಲೋಹ ಮೈನಸ್ ಇನ್‌ಪುಟ್ಟಿಗೆ ಸೇರಿರುತ್ತದೆ, ಡಬ್ಬಿಗೆ ತಾಗಿಸಿದರೆ ಹೊಗೆ.

5532ರ ಔಟ್‌ಪುಟ್ಟು ಸರಣಿಯಲ್ಲಿರುವ ಎರಡು 1ಎನ್4148 ಡಯೋಡುಗಳ ನಡುವೆ ಬರಲಿ. ಡಯೋಡುಗಳ ಹೊರತುದಿಗಳು ಟ್ರಾನ್ಸಿಸ್ಟರುಗಳ ಬೇಸಿಗೆ; ಅಲ್ಲಿಂದ ಮೇಲೆ ಪ್ಲಸ್ಸಿಗೆ, ಕೆಳಗೆ ಮೈನಸ್ಸಿಗೆ 2.2ಕೆ. ಪ್ರತಿ ಎಮಿಟರಿಗೂ 10 ಓಮ್. ಫೀಡ್‌ಬ್ಯಾಕ್ ತಂತಿಯನ್ನು ಎರಡು 10 ಓಮ್‌ಗಳು ಕೂಡುವ ಜಾಗದಿಂದ ತೆಗೆದುಕೊಳ್ಳಿ. ಐಸಿಯ ಔಟ್‌ಪುಟ್ಟಾದ 1ನೇ ಕಾಲಿನಿಂದ ತೆಗೆದರೂ ಆಂಪ್ ಹಾಡುತ್ತದೆ, ಅದಕ್ಕೇ ಈ ತಪ್ಪು ಬೇಗ ಬಯಲಾಗದು. ಆದರೆ ಟ್ರಾನ್ಸಿಸ್ಟರಿನ ವಕ್ರತೆ ಹಾಗೇ ಉಳಿಯುತ್ತದೆ, ಔಟ್‌ಪುಟ್ ಇಂಪೀಡೆನ್ಸ್ ಐದಾರು ಓಮಿಗೆ ಏರುತ್ತದೆ. ಡಯೋಡುಗಳನ್ನು ಟ್ರಾನ್ಸಿಸ್ಟರಿನ ಮೈಗೆ ಅಂಟಿಸಿ, ಬಿಸಿಯೇರಿದಾಗ ಬಯಾಸ್ (ಸುಮ್ಮನಿದ್ದಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಕರೆಂಟು) ತಾನಾಗಿ ಇಳಿಯಲಿ. 10 ಓಮಿನ ಮೇಲೆ 50ರಿಂದ 150 ಮಿಲಿವೋಲ್ಟ್ ಕಂಡರೆ 5ರಿಂದ 15 ಮಿಲಿಆಂಪ್ ಹರಿಯುತ್ತಿದೆ, ಅಷ್ಟು ಸರಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕೂಡಲೇ ಆಫ್ ಮಾಡಿ, ಡಯೋಡ್ ತಿರುಗಾಮುರುಗಾ ಆಗಿದೆಯೇ ನೋಡಿ. ಇದರ ಕೊರತೆ ಒಂದೇ: ಆನ್ ಮಾಡುವಾಗ ಎರಡು ರೆಗ್ಯುಲೇಟರ್ ಒಟ್ಟಿಗೆ ಏಳದೆ ‘ಠಪ್’ ಎನ್ನುತ್ತದೆ. ಆನ್ ಮಾಡಿದ ಮೇಲೆಯೇ ಹೆಡ್‌ಫೋನ್ ಸಿಕ್ಕಿಸಿ.

ಪರೀಕ್ಷೆಗೆ ಅಲೆ ತೋರಿಸುವ ಆಸಿಲೋಸ್ಕೋಪ್ ಬೇಕೆಂದಿಲ್ಲ, ಮಲ್ಟಿಮೀಟರ್ ಸಾಕು. ಹೆಡ್‌ಫೋನಿನ ಬದಲು 33 ಓಮ್, 1 ವಾಟ್ ರೆಸಿಸ್ಟರ್ ಹಾಕಿ. ಡಿಸಿ 20 ಮಿಲಿವೋಲ್ಟಿನೊಳಗೆ ಇರಲಿ, 50 ದಾಟಿದರೆ ಹೆಡ್‌ಫೋನ್ ದೂರವಿಡಿ. ಫೋನಿನಿಂದ 100 ಹರ್ಟ್ಸ್ ಟೋನ್ ನುಡಿಸಿ ಎಸಿ ಅಳೆಯಿರಿ; 1 ಕಿಲೋಹರ್ಟ್ಸ್ ಬೇಡ, ಅಗ್ಗದ ಮೀಟರುಗಳ ಎಸಿ ಅಳತೆ ಅಲ್ಲಿಗೆ ನಂಬಿಕೆಗೆ ಅರ್ಹವಲ್ಲ. ರೆಸಿಸ್ಟರ್ ಇಲ್ಲದಾಗಿನ ವೋಲ್ಟೇಜಿನಲ್ಲಿ ಇದ್ದಾಗಿನದನ್ನು ಕಳೆದು, ಇದ್ದಾಗಿನದರಿಂದ ಭಾಗಿಸಿ, 33ರಿಂದ ಗುಣಿಸಿದರೆ ಔಟ್‌ಪುಟ್ ಇಂಪೀಡೆನ್ಸ್. ಸಿಮೋಯ್ ಸುಮ್ಮನಿರುವಾಗ ಬ್ಯಾಟರಿಯಿಂದ 10 ಮಿಲಿಆಂಪಿಗಿಂತ ಬಹಳ ಹೆಚ್ಚು ಎಳೆದು ಐಸಿ ಬೆರಳಿಗೆ ಬಿಸಿ ತಾಗಿದರೆ ಅದು ಆಸಿಲೇಟ್ ಆಗುತ್ತಿದೆ, ಅಂದರೆ ಸಿಗ್ನಲ್ ಇಲ್ಲದೆಯೂ ತಾನಾಗಿ ಅಲೆ ಹುಟ್ಟಿಸುತ್ತಿದೆ. ಐಸಿಗೆ ಕರೆಂಟು ಕೊಡುವ 4 ಮತ್ತು 8ನೇ ಕಾಲುಗಳ ಮಧ್ಯೆ, ಐಸಿಗೆ ಒತ್ತಿಕೊಂಡೇ, 100 ನ್ಯಾನೋಫ್ಯಾರಡ್ ಹಾಕಿ. ಎರಡು ಆಂಪ್‌ಗಳನ್ನು ಕಿವಿಯಲ್ಲಿ ಹೋಲಿಸುವ ಮುನ್ನ ಇದೇ ಟೋನಿನಲ್ಲಿ ಎರಡನ್ನೂ 300 ಮಿಲಿವೋಲ್ಟಿಗೆ, 3 ಮಿಲಿವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿಲ್ಲದಂತೆ ತನ್ನಿ. ಇಲ್ಲದಿದ್ದರೆ ಜೋರಾಗಿರುವುದೇ ಗೆಲ್ಲುತ್ತದೆ.

ಆಯ್ಕೆಗೆ ಬಂದರೆ, 300 ಓಮ್ ಹೆಡ್‌ಫೋನಿಗೆ ಸಿಮೋಯ್ ಕೂಡ ಸಾಕು: ಅದಕ್ಕೆ ಕರೆಂಟಿನ ಹಸಿವಿಲ್ಲ, 9 ವೋಲ್ಟಿನಲ್ಲಿ 2 ವೋಲ್ಟಿನಷ್ಟು ಸಿಗುತ್ತದೆ. 32 ಓಮಿಗೆ ಒಪಿಎ2134 ಕೊಡಬಲ್ಲದ್ದು ಸುಮಾರು 35 ಮಿಲಿಆಂಪ್ ಪೀಕ್, ಅಂದರೆ 20 ಮಿಲಿವಾಟ್. ಅಲ್ಲಿ ಬಿಡಿ139 ನಮ್ಮ ಮೊದಲ ಆಯ್ಕೆ. ಸಣ್ಣ ಇಯರ್‌ಫೋನಿಗೆ, ಪಿಸಿಬಿ (ಅದಕ್ಕೆಂದೇ ಅಚ್ಚು ಹಾಕಿದ ಸರ್ಕ್ಯೂಟ್ ಬೋರ್ಡ್) ತರಿಸಿಕೊಳ್ಳುವ ತಾಳ್ಮೆಯಿದ್ದರೆ, ಓ2ಗೆ ಸಾಟಿಯಿಲ್ಲ.

ಡಾಟ್ ಬೋರ್ಡಿನಲ್ಲಿ ಕಟ್ಟಿದ್ದರೆ ರಾತ್ರಿಯಲ್ಲಿ ಒಮ್ಮೆ ವಾಲ್ಯೂಮ್ ಪೂರ್ತಿ ಏರಿಸಿ ಕೇಳಿ. ಹಿನ್ನೆಲೆಯಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ನಿಲಯ ತೆಳ್ಳಗೆ ಮಾತಾಡುತ್ತಿದ್ದರೆ, ಇನ್‌ಪುಟ್ಟಿಗೆ ಸರಣಿಯಲ್ಲಿ 1ಕೆ, ಅಲ್ಲಿಂದ ಗ್ರೌಂಡಿಗೆ 470 ಪಿಕೋಫ್ಯಾರಡ್ ಹಾಕಿ, ಜ್ಯಾಕಿನಿಂದ ಬರುವ ತಂತಿಗಳನ್ನು ಗಿಡ್ಡ ಮಾಡಿ ಹೊಸೆಯಿರಿ.