ಪೂರ್ತಿ ಕಾಟನ್ ಜೀನ್ಸಾ, ಸ್ಟ್ರೆಚ್ ಜೀನ್ಸಾ?

ಎರಡರಲ್ಲಿ ಯಾವುದು ತಗೊಳ್ಳೋದು ಅನ್ನುವವರು ಮೊದಲು ಒಳಗಿನ ಲೇಬಲ್ ನೋಡಿ. 100% ಕಾಟನ್ ಅಂತಿದ್ದರೆ ಒಂದು ಥರ. ಶೇಕಡಾ 1–2ರಷ್ಟು ಇಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ನೂಲು) ಸೇರಿದ್ದರೂ ಸಾಕು, ಅದು ಸ್ಟ್ರೆಚ್.

ಜಾಸ್ತಿ ಜನ ಎಡವುವುದು ಫಿಟ್ಟಿಂಗ್‌ನಲ್ಲೇ. ಕಾಟನ್ ಜೀನ್ಸ್ ಟ್ರಯಲ್ ರೂಮಿನಲ್ಲಿ ಬಿಗಿ ಅನ್ನಿಸುತ್ತದೆ, ಹಾಕ್ತಾ ಹಾಕ್ತಾ ಸೊಂಟದ ಹತ್ತಿರ ಸಡಿಲವಾಗುತ್ತದೆ. ಗುಂಡಿ ಹಾಕಲು ತುಸು ಒದ್ದಾಡಿದರೂ ಪರವಾಗಿಲ್ಲ. ತೊಡೆ ಹಿಡಿದರೆ ಮಾತ್ರ ಬೇಡ. ಸೊಂಟ ಸಡಿಲವಾದರೆ ಟೈಲರ್ ಹಿಡಿದು ಕೊಡುತ್ತಾರೆ, ಬಿಗಿ ತೊಡೆಗೆ ಅವರೇನು ಮಾಡಿಯಾರು? ಸ್ಟ್ರೆಚ್ ಮೊದಲ ದಿನವೇ ಹಾಯಾಗಿರುತ್ತದೆ, ಅದೇ ಮೋಸ! ಅಲ್ಲೇ ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ. ಎದ್ದ ಮೇಲೂ ಮಂಡಿ ಉಬ್ಬಿಕೊಂಡೇ ಇದ್ದರೆ ಆ ಬಟ್ಟೆ ಬೇಗ ಜೋಲುತ್ತದೆ.

ಬಾಳಿಕೆಯಲ್ಲಿ ದಪ್ಪ ಕಾಟನ್‌ನದೇ ಮೇಲುಗೈ. 12–14 ಔನ್ಸ್ (ಒಂದು ಚದರ ಗಜ ಬಟ್ಟೆಯ ತೂಕ) ಡೆನಿಮ್ ವರ್ಷಗಟ್ಟಲೆ ತಡೆಯುತ್ತದೆ, ಬಣ್ಣವೂ ಚಂದವಾಗಿ ಮಾಸುತ್ತದೆ. ಆದರೆ ಸೆಕೆಗೆ ಕಷ್ಟ, ಒಣಗಲೂ ತಡ. ಸ್ಟ್ರೆಚ್‌ಗೆ ಬಿಸಿ ಆಗದು: ಡ್ರೈಯರ್‌ಗೆ ಹಾಕುತ್ತಾ ಹೋದರೆ ಎಳೆತವೇ ಸಾಯುತ್ತದೆ.

ದಿನವಿಡೀ ಕೂತು ಏಳುವವರಿಗೆ, ತೂಕ ಏರಿಳಿಯುವವರಿಗೆ, ಉದ್ದನೆ ಟಾಪ್ ಕೆಳಗೆ ಸ್ಕಿನ್ನಿ ಬೇಕೆನ್ನುವವರಿಗೆ ಸ್ಟ್ರೆಚ್. ಸ್ಟ್ರೇಟ್ ಕಟ್, ಮಡಚಿದ ಅಂಚು, ಒಳಗೆ ಸೇರಿಸಿದ ಶರ್ಟ್ ಇಷ್ಟವಾದರೆ ಕಾಟನ್ನೇ ಸರಿ. ಅದು ಕಾಲಿಗೆ ಅಂಟದೆ ನೇರ ಬೀಳುತ್ತದೆ. ಕಾಟನ್ ತಗೊಂಡರೆ ಒಂದು ಸಲ ಒಗೆದ ಮೇಲೆಯೇ ಉದ್ದ ಕತ್ತರಿಸಿ, ಕುಗ್ಗುತ್ತೆ.