ಹಿಟಾಚಿ ಪೈಪ್ ಸೋರಿದರೆ ಕೈ ಆಡಿಸಿ ನೋಡಬೇಡಿ, ನಮ್ಮ ಹುಡುಗನ ಬೆರಳೇ ಹೋಯಿತು

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆ ಹಿಟಾಚಿ (ಮಣ್ಣು ಅಗೆಯುವ ಗಾಡಿ) ಇಟ್ಟುಕೊಂಡಿರುವವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಯಾಕಂದ್ರೆ ಇದೆಲ್ಲ ಆದಾಗ ಪಕ್ಕದಲ್ಲೇ ನಿಂತಿದ್ದವನು ನಾನು. ಆದರೂ ಬರೆಯುತ್ತೇನೆ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂದ ಮೇಲೆ ನಮ್ಮ ಕಡೆ ತೋಪು ಕಡಿದು ಬುಡ ಕೀಳಿಸುವ ಕೆಲಸ ಜಾಸ್ತಿ. ನನ್ನದು 20 ಟನ್ ಗಾಡಿ. ಬೇರು, ಕೊಂಬೆ ತಗುಲಿ ಪೈಪ್ ಸವೆಯುತ್ತಲೇ ಇರುತ್ತದೆ, ಈ ಕೆಲಸ ಮಾಡುವವರಿಗೆ ಗೊತ್ತೇ ಇದೆ. ಒಂದು ದಿನ ಬೂಮಿಗೆ, ಅಂದ್ರೆ ಗಾಡಿಯ ಉದ್ದ ತೋಳಿಗೆ, ಎಣ್ಣೆ ಒಯ್ಯುವ ಪೈಪ್ ಒಡೆಯಿತು. ನಮ್ಮ ಮಾಮೂಲಿ ಮೆಕ್ಯಾನಿಕ್ ಊರಲ್ಲಿರಲಿಲ್ಲ. ಪಕ್ಕದ ತೋಪಿನವರು ಹೇಳಿದರು ಅಂತ ಇನ್ನೊಬ್ಬನನ್ನು ಕರೆಸಿದೆ. ಹೊಸ ಪೈಪು, ಕೂಲಿ ಎಲ್ಲ ಸೇರಿ 9,500 ರೂಪಾಯಿ. ಬಿಲ್ ಕೇಳಿದ್ದಕ್ಕೆ "ಅಂಗಡಿಗೆ ಬಂದಾಗ ಕೊಡ್ತೀನಿ ಅಣ್ಣಾ" ಅಂದ. ಅಲ್ಲೇ ಅನುಮಾನ ಬರಬೇಕಿತ್ತು ನನಗೆ.

ಪೈಪ್ ಹಾಕಿ, ಗಾಡಿ ಸ್ಟಾರ್ಟ್ ಮಾಡಿಸಿ, ಬೂಮ್ ಎತ್ತಿಸಿದ. ಎಲ್ಲೋ ಎಣ್ಣೆ ಮಂಜಿನ ಥರ ಬರುತ್ತಿತ್ತು. ನನ್ನ ಅಕ್ಕನ ಮಗ ಅಲ್ಲೇ ನಿಂತಿದ್ದ. "ಸುಮ್ನೆ ಕೈ ಆಡಿಸಿ ನೋಡೋ, ಎಲ್ಲಿ ಬರ್ತಿದೆ ಅಂತ" ಅಂದ ಮೆಕ್ಯಾನಿಕ್ ಅವನಿಗೆ. ನಾನು, ಬೂಮ್ ಇಳಿಸಿ ಇಂಜಿನ್ ಆಫ್ ಮಾಡೋಣ ಅಂದೆ. "ಆಫ್ ಮಾಡಿದ್ರೆ ಲೀಕ್ ಹೆಂಗೆ ಕಾಣ್ತದೆ ಅಣ್ಣಾ? ಹದಿನೈದು ವರ್ಷದಿಂದ ಇದೇ ಕೆಲಸ ನನ್ದು." ನಾನು ಸುಮ್ಮನಾದೆ. ಇಂಜಿನ್ ಓಡುತ್ತಿದೆ, ಬೂಮ್ ಮೇಲಿದೆ, ಹುಡುಗ ಅದರ ಕೆಳಗಿದ್ದಾನೆ, ನಾನು ಸುಮ್ಮನೆ ನಿಂತಿದ್ದೇನೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹುಡುಗ ಚರ್ಮದ ಗ್ಲೌಸ್ ಹಾಕಿದ್ದ. ಹಾಗಿದ್ದೂ ತಟ್ಟನೆ ಕೈ ಎಳೆದುಕೊಂಡ. ತೋರುಬೆರಳಲ್ಲಿ ಒಂದು ಚುಕ್ಕೆ, ಮುಳ್ಳು ಚುಚ್ಚಿದಷ್ಟೇ. ರಕ್ತವೂ ಇಲ್ಲ. "ಏನಾಗಲ್ಲ, ಅರಿಶಿನ ಹಚ್ಚು" ಅಂದ ಮೆಕ್ಯಾನಿಕ್. ಹುಡುಗನೂ "ನೋವಿಲ್ಲ ಮಾವ" ಅಂದ, ಸಂಜೆವರೆಗೆ ಕೆಲಸವನ್ನೂ ಮಾಡಿದ. ರಾತ್ರಿ ಹತ್ತಕ್ಕೆ ಬೆರಳು ಊದಿ ಬಿಳಿಚಿಕೊಂಡಿತ್ತು, ನೋವಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಊರಿನ ಕ್ಲಿನಿಕ್‌ನಲ್ಲಿ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗ್ಗೆ ಕೋಲಾರಕ್ಕೆ ಹೋದರೆ ಡಾಕ್ಟರ್ ಕೇಳಿದ ಮೊದಲ ಮಾತು, "ಇಷ್ಟೊತ್ತು ಎಲ್ಲಿದ್ರಿ?"

ಈ ಗಾಡಿಗಳಲ್ಲಿ ಎಣ್ಣೆಯ ಒತ್ತಡ 300 ಬಾರ್ ದಾಟುತ್ತದೆ. ಕಾರಿನ ಟೈರಲ್ಲಿರುವುದು ಎರಡು ಬಾರ್ ಚಿಲ್ಲರೆ. ಸೂಜಿಮೊನೆಯಷ್ಟು ತೂತಿಂದ ಬರುವ ಎಣ್ಣೆ ಗ್ಲೌಸನ್ನೂ ಚರ್ಮವನ್ನೂ ತೂರಿಕೊಂಡು ಹೋಗಿ ಒಳಗೆಲ್ಲ ಹರಡಿ ಮಾಂಸ ಸಾಯಿಸುತ್ತದೆ. ಹೊರಗೆ ಬರೀ ಚುಕ್ಕೆ! ಕೆಲವೇ ಗಂಟೆಯೊಳಗೆ ಕೊಯ್ದು ತೊಳೆಯಬೇಕು. ನಾವು ಒಂದು ರಾತ್ರಿ ಕಳೆದಿದ್ದೆವು. ಎರಡು ಆಪರೇಷನ್ ಆಯಿತು, ಬೆರಳು ಉಳಿಯಲಿಲ್ಲ.

ಆಮೇಲೆ ಆ ಪೈಪ್ ಬಿಚ್ಚಿಸಿದೆ. ಮೇಲೆ ಕಪ್ಪು ಪೇಂಟ್. ಡೀಸೆಲ್ ಬಟ್ಟೆಯಲ್ಲಿ ಉಜ್ಜಿದರೆ ಕೆಳಗೆ 2014 ಅಂತ ಅಚ್ಚು. ಯಾವುದೋ ಹಳೇ ಪೈಪಿಗೆ ಪೇಂಟ್ ಬಳಿದು ಹಾಕಿದ್ದಾನೆ. ನಾನು ಹೊಸದಕ್ಕೆ ದುಡ್ಡು ಕೊಟ್ಟಿದ್ದೆ. ಹೊಸದಕ್ಕೆ!

ಫೋನ್ ಮಾಡಿದೆ. "ಪೈಪ್ ಹಳೇದಾದ್ರೇನು, ಗಾಡಿ ಓಡ್ತು ಅಲ್ವಾ?" ಬೆರಳಿನ ವಿಷಯ ಎತ್ತಿದರೆ "ನೋಡು ಅಂದೆ ಅಷ್ಟೇ, ತೂತಿಗೆ ಕೈ ಇಡು ಅಂದ್ನಾ?" ಇನ್ನೊಂದು ಸಲ ಮಾಡಿದಾಗ "ಕೆಲಸ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಣ್ಣಾ, ಹುಡುಗನಿಗೆ ಇನ್ಶೂರೆನ್ಸ್ ಮಾಡಿಸಿಲ್ವಾ ನೀವು?" ಹೇಗಿದ್ದಾನೆ ಅಂತ ಒಂದು ಮಾತು ಕೇಳಲಿಲ್ಲ. ಈಗ ಫೋನೇ ಎತ್ತಲ್ಲ.

ಲೀಕ್ ಹುಡುಕೋಕೆ ಉದ್ದ ಕೋಲಿಗೆ ರಟ್ಟು ಕಟ್ಟಿ ಹಿಡಿಯಿರಿ, ಕೈ ಬೇಡ. ಪೈಪ್ ಬಿಚ್ಚುವ ಮುಂಚೆ ಬೂಮ್, ಬಕೆಟ್ ನೆಲಕ್ಕೆ ಇಳಿಸಿ, ಇಂಜಿನ್ ನಿಲ್ಲಿಸಿ, ಕೀ ಆನ್‌ನಲ್ಲಿಟ್ಟು ಲಿವರ್‌ಗಳನ್ನು ಆಡಿಸಿ ಒತ್ತಡ ಬಿಡಿಸಿ, ಆಮೇಲೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಮೆಕ್ಯಾನಿಕ್ ನಕ್ಕರೆ ನಗಲಿ. ಚುಕ್ಕೆ ಕಂಡ ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿ, "ಹೈಡ್ರಾಲಿಕ್ ಎಣ್ಣೆ ಒಳಗೆ ನುಗ್ಗಿದೆ" ಅಂತಲೇ ಹೇಳಿ. ಪೈಪಿನ ಮೇಲಿನ ಅಚ್ಚು ಓದದೆ ದುಡ್ಡು ಕೊಡಬೇಡಿ.

ಹೊಸ ಪೈಪೇ ಹಾಕಿದ್ದೆ ಅಂತ ಅವನು ಈಗಲೂ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಆ ಪೈಪ್ ನಮ್ಮ ಶೆಡ್ಡಲ್ಲೇ ನೇತುಹಾಕಿದ್ದೇನೆ, ನಂಬದವರು ಬಂದು ಅಚ್ಚು ನೋಡಿಕೊಂಡು ಹೋಗಿ.